ತಮ್ಮ ಮಾರ್ಮನ್ ಚರ್ಚಿಗೆ ಹೋಗುತ್ತಿದ್ದಾನೆ, ಅದು ಕಲ್ಟ್ ಅಲ್ಲವಾ ಎಂದು ಕೇಳಿದ ಅಕ್ಕನಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಮ್ಮ ಅಮೆರಿಕದ ಯೂಟಾ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ, ಮೂರು ತಿಂಗಳಿಂದ ಪ್ರತಿ ಭಾನುವಾರ ಮಾರ್ಮನ್ ಚರ್ಚಿಗೆ ಹೋಗುತ್ತಿದ್ದಾನೆ, ಕಾಫಿ ಬಿಟ್ಟಿದ್ದಾನೆ, ಮೊನ್ನೆ ಫೋನಿನಲ್ಲಿ ದೀಕ್ಷಾಸ್ನಾನದ, ಅಂದರೆ ಆ ಚರ್ಚಿಗೆ ಸೇರಿಕೊಳ್ಳುವ ವಿಧಿಯ ಮಾತು ಎತ್ತಿದನಂತೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಯೂಟ್ಯೂಬ್ ತೆರೆದರೆ ‘ಅದು ಕಲ್ಟ್’ ಅನ್ನುವ ವಿಡಿಯೋಗಳೇ. ಅವನನ್ನು ವಾಪಸ್ ಕರೆಸಿಕೊಳ್ಳಬೇಕಾ ಎಂದು ಕೇಳಿದ್ದೀರಿ.

ನಾನು ದಾವಣಗೆರೆಯವಳು. ಮದುವೆಯಾಗಿ ಸಾಲ್ಟ್ ಲೇಕ್ ಕಣಿವೆಗೆ ಬಂದು ಹನ್ನೆರಡು ವರ್ಷವಾಯಿತು. ಮಾರ್ಮನ್ ಅಲ್ಲ, ಆಗುವ ಯೋಚನೆಯೂ ಇಲ್ಲ. ಆದರೆ ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ ಇದ್ದರೆ ಒಂಬತ್ತು ಮನೆಯವರು ಮಾರ್ಮನ್ನರು, ಎರಡು ಮನೆಯವರು ಅದನ್ನು ಬಿಟ್ಟು ಬಂದವರು. ಎರಡೂ ಕಡೆಯ ಮಾತನ್ನು ನನ್ನ ಅಡುಗೆಮನೆಯ ಮೇಜಿಗೆ ಕೂತು ಕೇಳಿದ್ದೇನೆ. ಆ ಬಲದ ಮೇಲೆ ಬರೆಯುತ್ತಿದ್ದೇನೆ.

ನನ್ನ ಉತ್ತರ: ಅದು ಕಲ್ಟ್ ಅಲ್ಲ. ಹಾಗಂತ ಹಗುರವಾಗಿ ಸೇರಿಕೊಳ್ಳುವ ಧರ್ಮವೂ ಅಲ್ಲ. ಒಳಗೆ ಹೋಗುವಾಗ ಕಾಣದ ಒಂದು ಬೆಲೆ ಹೊರಗೆ ಬರುವಾಗ ಕಾಣುತ್ತದೆ. ನಿಮ್ಮ ತಮ್ಮನಿಗೆ ಗೊತ್ತಿರಬೇಕಾದ್ದು ಅದು.

ಮೊದಲು ಈ ಪದದ ಬಗ್ಗೆ ಸ್ವಲ್ಪ. ನಮ್ಮ ಭಾಷೆಯಲ್ಲಿ ಪಂಥ, ಮತ, ಸಂಪ್ರದಾಯ ಎಲ್ಲಾ ಇವೆ, ಅವು ಯಾವುವೂ ಬೈಗುಳಗಳಲ್ಲ. ಅದಕ್ಕೇ ಪತ್ರಿಕೆಯವರೂ ‘ಕಲ್ಟ್’ ಅಂತಲೇ ಬರೆಯುತ್ತಾರೆ. ಇನ್ನು ಸಿನಿಮಾಕ್ಕೆ ಕಲ್ಟ್ ಅಂದರೆ ಅದು ಹೊಗಳಿಕೆ. ಅಮೆರಿಕದಲ್ಲಿ ಈ ಪದವನ್ನು ಎರಡು ಬೇರೆ ಬೇರೆ ಜನ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ, ನೀವು ನೋಡಿದ ವಿಡಿಯೋಗಳಲ್ಲಿ ಎರಡೂ ಬೆರೆತಿರುತ್ತವೆ. ಇವಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲಿಗೂ ಪ್ರಚಾರಕ್ಕೂ ಒತ್ತು ಕೊಡುವ ಪ್ರಾಟೆಸ್ಟಂಟರು, ಕಲ್ಟ್ ಅಂದರೆ, ‘ಇವರು ನಿಜವಾದ ಕ್ರೈಸ್ತರಲ್ಲ’ ಅಂತ ಅರ್ಥ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದನ್ನು ಮಾರ್ಮನ್ನರು ಉಳಿದವರಂತೆ ಒಪ್ಪುವುದಿಲ್ಲ, ತಂದೆಯಾದ ದೇವರಿಗೂ ದೇಹವಿದೆ ಅನ್ನುತ್ತಾರೆ, ಬೈಬಲ್ ಜೊತೆಗೆ ಬುಕ್ ಆಫ್ ಮಾರ್ಮನ್ ಅನ್ನುವ ಇನ್ನೊಂದು ಧರ್ಮಗ್ರಂಥ ಇಟ್ಟುಕೊಂಡಿದ್ದಾರೆ. 2011ರಲ್ಲಿ ಮಾರ್ಮನ್ ಆದ ಮಿಟ್ ರಾಮ್ನಿ ಅಮೆರಿಕದ ಅಧ್ಯಕ್ಷ ಪದವಿಯ ರೇಸಿನಲ್ಲಿದ್ದಾಗ ಟೆಕ್ಸಸ್‌ನ ಪಾದ್ರಿ ರಾಬರ್ಟ್ ಜೆಫ್ರೆಸ್ ಮಾರ್ಮನ್ ಧರ್ಮವನ್ನು ಬಹಿರಂಗವಾಗಿಯೇ ಕಲ್ಟ್ ಎಂದರು. ಮರುವರ್ಷ ಅಕ್ಟೋಬರಿನಲ್ಲಿ, ಚುನಾವಣೆಗೆ ಕೆಲವೇ ವಾರ ಇರುವಾಗ, ಹೆಸರಾಂತ ಇವಾಂಜೆಲಿಕಲ್ ಪ್ರಚಾರಕ ಬಿಲ್ಲಿ ಗ್ರಹಾಂ ಅವರ ಸಂಸ್ಥೆಯ ಜಾಲತಾಣದ ಕಲ್ಟ್ ಪಟ್ಟಿಯಿಂದ ಮಾರ್ಮನ್ನರ ಹೆಸರು ಮಾಯವಾಯಿತು. ಒಂದು ಚುನಾವಣೆಗೆ ಅಳಿಸಿಹೋಗುವ ಅರ್ಥವನ್ನು ಹಿಡಿದುಕೊಂಡು ನಿಮ್ಮ ಅಮ್ಮ ಊಟ ಬಿಡಬೇಕಾಗಿಲ್ಲ. ಕ್ರೈಸ್ತರ ಒಳಜಗಳ ನಮ್ಮ ನಿಮ್ಮ ಚಿಂತೆಯಲ್ಲ.

ನೀವು ಹೆದರಿರುವುದು ಎರಡನೇ ಅರ್ಥಕ್ಕೆ. ತಲೆ ತೊಳೆಯುತ್ತಾರೆ, ದುಡ್ಡು ಕಿತ್ತುಕೊಳ್ಳುತ್ತಾರೆ, ಮನೆಯವರಿಂದ ದೂರ ಮಾಡುತ್ತಾರೆ, ಒಬ್ಬ ಮನುಷ್ಯ ಹೇಳಿದ್ದೇ ವೇದವಾಕ್ಯ ಅನ್ನುವ ಅರ್ಥ. ಅದಕ್ಕೆ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಅವರು ಏನು ನಂಬುತ್ತಾರೆ ಅಂತ ನೋಡುವುದಿಲ್ಲ. ಬಿಟ್ಟು ಬಂದವನ ಗತಿ ಏನಾಗುತ್ತದೆ ಅಂತ ನೋಡುತ್ತೇನೆ.

ನಂಬಿಕೆಯನ್ನು ಯಾಕೆ ಬಿಟ್ಟೆ ಅಂದರೆ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಈ ಧರ್ಮ ಹುಟ್ಟುಹಾಕಿದ, ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ರೈತನ ಮಗ ಜೋಸೆಫ್ ಸ್ಮಿತ್‌ಗೆ ದೇವದೂತನೊಬ್ಬ ಗುಡ್ಡದಲ್ಲಿ ಹೂತಿದ್ದ ಚಿನ್ನದ ಫಲಕಗಳನ್ನು ತೋರಿಸಿದ, ಅದರ ಅನುವಾದವೇ 1830ರಲ್ಲಿ ಅಚ್ಚಾದ ಬುಕ್ ಆಫ್ ಮಾರ್ಮನ್ ಅನ್ನುತ್ತಾರೆ. ನನಗೆ ಅದು ನಿಜವೆನಿಸುವುದಿಲ್ಲ. ಅವನು ಈಜಿಪ್ಟಿನ ಹಾಳೆಗಳಿಂದ ಅನುವಾದಿಸಿದೆ ಎಂದ ಇನ್ನೊಂದು ಗ್ರಂಥದ ಕತೆಯಂತೂ ಇನ್ನೂ ಕಷ್ಟ. ಆ ಪಪೈರಸ್ ತುಣುಕುಗಳು 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಿನಿಂದ ಚರ್ಚಿಗೆ ವಾಪಸ್ ಬಂದವು, ಓದಬಲ್ಲವರು ಓದಿ ನೋಡಿದರೆ ಅವು ಸತ್ತವರ ಜೊತೆ ಇಡುವ ಮಾಮೂಲಿ ಮಂತ್ರಗಳು. ಆದರೆ ಹೊರಗಿನವರ ಕಣ್ಣಿಗೆ ನಮ್ಮ ಮನೆಯ ನಂಬಿಕೆಗಳೂ ವಿಚಿತ್ರವೇ. 1970ರ ದಶಕದಲ್ಲಿ ಇಲ್ಲಿ ಹರೇಕೃಷ್ಣದವರಿಗೆ, ಅಂದರೆ ನಮ್ಮ ಇಸ್ಕಾನ್ ಜನಕ್ಕೆ, ಇದೇ ಹಣೆಪಟ್ಟಿ ಹಚ್ಚಿದ್ದರು. ಅಪ್ಪಅಮ್ಮಂದಿರು ದುಡ್ಡು ಕೊಟ್ಟು ಆಳುಗಳನ್ನಿಟ್ಟು, ಪ್ರಾಯಕ್ಕೆ ಬಂದ ಮಕ್ಕಳನ್ನು ಎತ್ತಿಸಿಕೊಂಡು ಹೋಗಿ, ಕೋಣೆಯಲ್ಲಿ ಕೂಡಿಹಾಕಿ ‘ತಲೆ ಸರಿ’ ಮಾಡಿಸುತ್ತಿದ್ದರು. ತಲೆ ತೊಳೆದು ಬಂಧನದಲ್ಲಿಟ್ಟಿದ್ದಾರೆ ಎಂದು ಹರೇಕೃಷ್ಣದವರ ಮೇಲೆ ನ್ಯೂಯಾರ್ಕಿನಲ್ಲಿ ಕ್ರಿಮಿನಲ್ ಕೇಸೇ ಆಯಿತು. 1977ರಲ್ಲಿ ನ್ಯಾಯಾಧೀಶರು, ಇದು ಬೇರು ಗಟ್ಟಿಯಿರುವ ಧರ್ಮ ಎಂದು ಹೇಳಿ ಅದನ್ನು ವಜಾ ಮಾಡಿದರು. ರಾಜಾಜಿನಗರದ ದೇವಸ್ಥಾನದ ಮೆಟ್ಟಿಲು ಹತ್ತಿ ಪ್ರಸಾದ ತಿಂದ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು. ಇವತ್ತು ಇದೇ ಯೂಟಾದ ಸ್ಪ್ಯಾನಿಷ್ ಫೋರ್ಕ್ ಊರಿನಲ್ಲಿ ದೊಡ್ಡ ರಾಧಾಕೃಷ್ಣ ದೇವಸ್ಥಾನವಿದೆ. ಅಲ್ಲಿಯ ಹೋಳಿಗೆ ಬಂದು ಬಣ್ಣ ಎರಚುವವರಲ್ಲಿ ಬಹುಪಾಲು ಮಾರ್ಮನ್ ಹುಡುಗ ಹುಡುಗಿಯರೇ.

ಇವರ ನಡುವೆ ಬದುಕುವುದು ಹೇಗೆ ಅಂತ ಹೇಳುತ್ತೇನೆ. ನನ್ನ ಮಗಳು ಹುಟ್ಟಿದ್ದು ಜನವರಿಯಲ್ಲಿ, ಸಿಸೇರಿಯನ್. ವೀಸಾ ತಡವಾಗಿ ಅಮ್ಮ ದಾವಣಗೆರೆಯಲ್ಲೇ ಉಳಿದರು. ಆಸ್ಪತ್ರೆಯಿಂದ ಬಂದ ದಿನ ನಮ್ಮ ಗೇಟಿನಿಂದ ಬಾಗಿಲವರೆಗಿನ ಹಿಮವನ್ನು ಯಾರೋ ಬೆಳಗಿನ ಜಾವವೇ ಎತ್ತಿ ಬದಿಗೆ ಹಾಕಿದ್ದರು. ಸಂಜೆ ಪಕ್ಕದ ಮನೆಯಾಕೆ ಬಂದು ‘ನೀವು ಏನು ತಿನ್ನುವುದಿಲ್ಲ’ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋದರು. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಮುಂದಿನ ಎರಡು ವಾರ ದಿನಕ್ಕೊಬ್ಬರಂತೆ ಊಟ ತಂದರು. ಯೂಟಾದಲ್ಲಿ ಸಾವಿನ ಮನೆಗೂ ಹಬ್ಬಕ್ಕೂ ಮಾಡುವ ಆಲೂಗಡ್ಡೆ, ಚೀಸಿನ ಒಂದು ತಿನಿಸಿದೆ, ಫ್ಯುನರಲ್ ಪೊಟೇಟೋಸ್ ಅಂತ. ಅದಕ್ಕೆ ಸಾಮಾನ್ಯವಾಗಿ ಕೋಳಿಯ ಸೂಪು ಹಾಕುತ್ತಾರೆ. ನಮಗಾಗಿ ಅಣಬೆ ಸೂಪು ಹಾಕಿ, ಪಾತ್ರೆಯ ಮುಚ್ಚಳದ ಮೇಲೆ ಟೇಪ್ ಅಂಟಿಸಿ ‘ಕೋಳಿ ಇಲ್ಲ’ ಎಂದು ಬರೆದು ತಂದಿದ್ದರು. ಬಾಣಂತಿಗೆ ಆಲೂಗಡ್ಡೆ ಕೊಡಬಾರದು ಅಂತ ಅಮ್ಮ ಫೋನಿನಲ್ಲೇ ಬೈದರೂ ನಾನು ಕಣ್ಣೀರು ಒರೆಸಿಕೊಂಡು ತಿಂದೆ. ಆ ಎರಡು ವಾರದಲ್ಲಿ ಒಬ್ಬರೂ ಚರ್ಚಿಗೆ ಬಾ ಅನ್ನಲಿಲ್ಲ.

ಈ ವ್ಯವಸ್ಥೆಗೆ ಹೆಸರು ರಿಲೀಫ್ ಸೊಸೈಟಿ, 1842ರಿಂದ ಇರುವ ಹೆಂಗಸರ ಸಂಘ. ತಿಂಗಳಿಗೊಂದು ಭಾನುವಾರ ಎರಡು ಹೊತ್ತು ಉಪವಾಸ ಮಾಡಿ ಉಳಿದ ಊಟದ ದುಡ್ಡನ್ನು ಬಡವರಿಗೆ ಕೊಡುತ್ತಾರೆ. ಅವರ ಬಿಷಪ್ ಅಂದರೆ ಸಂಬಳದ ಪಾದ್ರಿಯಲ್ಲ. ನಮ್ಮ ಬೀದಿಯ ಬಿಷಪ್ ಹಲ್ಲಿನ ಡಾಕ್ಟರು, ಕೆಲವು ವರ್ಷ ಆ ಕೆಲಸ ಮಾಡಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಹೊರದೇಶದಲ್ಲಿ ಒಬ್ಬನೇ ಇರುವ ಇಪ್ಪತ್ತಮೂರರ ಹುಡುಗನಿಗೆ ಇದೆಲ್ಲ ಹೇಗೆ ಕಾಣುತ್ತದೆ ಯೋಚಿಸಿ. ಅವನು ಮೋಸ ಹೋಗಿಲ್ಲ, ಅಲ್ಲಿರುವ ಪ್ರೀತಿ ನಿಜವಾದದ್ದು. ಮನೆಯವರು ಇದನ್ನು ಒಪ್ಪಿಕೊಳ್ಳದೆ ಮಾತು ಶುರು ಮಾಡಿದರೆ ಅವನು ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ.

ಕಾಫಿ ಬಿಟ್ಟದ್ದಕ್ಕೂ ಗಾಬರಿ ಬೇಡ. 1833ರ ಅವರ ಆರೋಗ್ಯ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆ ‘ಬಿಸಿ ಪಾನೀಯ’ ಬೇಡ ಅಂತಿದೆ, ಅದನ್ನು ಕಾಫಿ, ಟೀ ಎಂದು ಅರ್ಥ ಮಾಡಿಕೊಂಡಿದ್ದಾರೆ. ನಾನು ಮನೆಗೆ ಬಂದವರಿಗೆ ಬಾದಾಮಿ ಹಾಲು ಕೊಡುತ್ತೇನೆ.

ಈಗ ನಿಜವಾದ ಕಲ್ಟ್ ಹೇಗಿರುತ್ತದೆ ಅಂತ ನೋಡಿದ್ದನ್ನು ಹೇಳಬೇಕು, ಯಾಕೆಂದರೆ ಅದೂ ಇದೇ ಬೇರಿನದು. ಮಾರ್ಮನ್ ಅಂದರೆ ಹತ್ತಾರು ಹೆಂಡತಿಯರು ಎಂದು ಯೂಟ್ಯೂಬಿನವರು ತೋರಿಸುವುದು ಹೆಚ್ಚಾಗಿ ಇವರನ್ನು. ನಿಮ್ಮ ತಮ್ಮ ಹೋಗುತ್ತಿರುವ ಚರ್ಚು ಬಹುಪತ್ನಿತ್ವವನ್ನು 1890ರಲ್ಲಿ ಅಧಿಕೃತವಾಗಿ ಬಿಟ್ಟಿತು, ಆಮೇಲೂ ಕದ್ದುಮುಚ್ಚಿ ನಡೆಯುತ್ತಿದ್ದುದಕ್ಕೆ 1904ರಲ್ಲಿ ಇನ್ನೂ ಗಟ್ಟಿಯಾಗಿ ನಿಷೇಧ ಹಾಕಿತು. ಈಗ ಎರಡನೇ ಹೆಂಡತಿ ಕಟ್ಟಿಕೊಂಡರೆ ಬಹಿಷ್ಕಾರ. ಅದನ್ನು ಒಪ್ಪದೆ ಒಡೆದು ಹೋದ ದೊಡ್ಡ ಗುಂಪುಗಳಲ್ಲಿ ಒಂದು, ಹಳೆಯ ಕಟ್ಟಳೆಗೇ ಅಂಟಿಕೊಂಡ ‘ಫಂಡಮೆಂಟಲಿಸ್ಟ್’ ಚರ್ಚು, ಚಿಕ್ಕದಾಗಿ ಎಫ್‌ಎಲ್‌ಡಿಎಸ್. ಯೂಟಾ, ಅರಿಜೋನಾ ಗಡಿಯಲ್ಲಿ ಹಿಲ್‌ಡೇಲ್, ಕೊಲರಾಡೋ ಸಿಟಿ ಅಂತ ಅಂಟಿಕೊಂಡ ಎರಡು ಊರು ಆಗ ಅವರ ಹಿಡಿತದಲ್ಲಿದ್ದವು.

2015ರಲ್ಲಿ ಜಾಯನ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಗ್ರ್ಯಾಂಡ್ ಕ್ಯಾನ್ಯನ್ನಿನ ಉತ್ತರ ದಂಡೆಗೆ ಹೋಗುವಾಗ ಪೆಟ್ರೋಲಿಗೆಂದು ಅಲ್ಲಿ ನಿಂತಿದ್ದೆವು. ಕೆಂಪು ಬಂಡೆಯ ಕೆಳಗೆ ಅಗಲ ಅಗಲ ಮನೆಗಳು, ಸುತ್ತ ಆಳೆತ್ತರದ ಬೇಲಿ. ಸುಡುವ ಬಿಸಿಲಲ್ಲಿ ಕುತ್ತಿಗೆಯಿಂದ ಕಾಲಿನವರೆಗೆ ಮುಚ್ಚಿದ ತಿಳಿಬಣ್ಣದ ಉದ್ದಂಗಿ ತೊಟ್ಟ ಮೂರು ಹುಡುಗಿಯರು, ಕೂದಲನ್ನು ಎತ್ತರಕ್ಕೆ ಬಾಚಿ ಜಡೆ ಹಾಕಿದ್ದರು. ನನ್ನ ಮಗಳು ಕೈ ಬೀಸಿದಳು. ಚಿಕ್ಕವಳು ಕೈ ಎತ್ತಿದಳು, ದೊಡ್ಡವಳು ಆ ಕೈಯನ್ನು ಹಿಡಿದು ಕೆಳಗಿಳಿಸಿ ಮುಖ ತಿರುಗಿಸಿಕೊಂಡಳು.

ಆ ಗುಂಪಿನ ಮುಖ್ಯಸ್ಥ ವಾರೆನ್ ಜೆಫ್ಸ್. ಯಾರು ಯಾರನ್ನು ಮದುವೆಯಾಗಬೇಕು ಅಂತ ಅವನೇ ಹೇಳುತ್ತಿದ್ದ. ಊರಿನ ಮನೆಗಳೆಲ್ಲ ಒಂದೇ ಟ್ರಸ್ಟಿನ ಹೆಸರಿನಲ್ಲಿದ್ದವು. ಒಬ್ಬ ಗಂಡಸನ್ನು ಹೊರಗೆ ಹಾಕಿದರೆ ಅವನ ಮನೆ ಹೋಗುತ್ತಿತ್ತು, ಹೆಂಡತಿ ಮಕ್ಕಳನ್ನು ಇನ್ನೊಬ್ಬನಿಗೆ ‘ವರ್ಗ’ ಮಾಡುತ್ತಿದ್ದರು, ಆ ಮಕ್ಕಳು ಹೊಸ ಗಂಡಸನ್ನು ಅಪ್ಪ ಅನ್ನಬೇಕಿತ್ತು. ಹದಿಹರೆಯದ ಹುಡುಗರನ್ನು ಸಣ್ಣಪುಟ್ಟ ಕಾರಣಕ್ಕೆ ಹೆದ್ದಾರಿಗೆ ಬಿಟ್ಟುಬರುತ್ತಿದ್ದರು. 2005ರಲ್ಲಿ ಕೋರ್ಟು ಆ ಟ್ರಸ್ಟನ್ನು ತನ್ನ ಕೈಗೆ ತೆಗೆದುಕೊಂಡಿತು. 2011ರಲ್ಲಿ ಟೆಕ್ಸಸ್‌ನ ನ್ಯಾಯಾಲಯ ಎಳೆಯ ಹುಡುಗಿಯರ ಮೇಲಿನ ಅತ್ಯಾಚಾರಕ್ಕಾಗಿ ಜೆಫ್ಸ್‌ಗೆ ಜೀವಾವಧಿಯ ಜೊತೆ 20 ವರ್ಷ ಶಿಕ್ಷೆ ಹಾಕಿತು. ಅದು ಕಲ್ಟ್. ಬುಕ್ ಆಫ್ ಮಾರ್ಮನ್ ಅಲ್ಲೂ ಅದೇ, ಇಲ್ಲೂ ಅದೇ. ಹೊರಗೆ ಹೋಗುವ ಬಾಗಿಲು ಮಾತ್ರ ಬೇರೆ.

ನಿಮ್ಮ ತಮ್ಮನ ಚರ್ಚಿನ ಬಾಗಿಲು ಹೇಗಿದೆ? ಕಾಗದದ ಮೇಲೆ ಸಲೀಸು. ಒಂದು ರಾಜೀನಾಮೆ ಪತ್ರ ಬರೆದರೆ ಹೆಸರು ತೆಗೆಯುತ್ತಾರೆ. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಬಿಟ್ಟವರ ಮನೆಯ ಹಿಮವನ್ನೂ ಅದೇ ಜನ ಎತ್ತುತ್ತಾರೆ. ಆದರೆ ಕಾಗದದ ಮೇಲಿಲ್ಲದ್ದು ಬೇರೆ ಇದೆ. ಅದನ್ನು ನಾನು 2017ರ ಜೂನ್‌ನಲ್ಲಿ ನೋಡಿದೆ.

ನನಗೆ ಊಟದ ಚೀಟಿ ಬರೆದುಕೊಂಡು ಹೋದ ಆ ಪಕ್ಕದ ಮನೆಯಾಕೆ ಐದನೇ ತಲೆಮಾರಿನ ಮಾರ್ಮನ್. ಅವರ ಮುತ್ತಜ್ಜಿಯ ತಾಯಿ 1856ರಲ್ಲಿ ಕೈಗಾಡಿ ಎಳೆದುಕೊಂಡು ಬಯಲು ದಾಟಿ ನಡೆದು ಬಂದವರು. ಆ ವರ್ಷ ತಡವಾಗಿ ಹೊರಟ ತಂಡಗಳಲ್ಲಿ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ತರು. ಅಂಥ ಮನೆಯ ಮಗಳು 2014ರಲ್ಲಿ ಚರ್ಚು ತಾನೇ ಪ್ರಕಟಿಸಿದ ಒಂದು ಲೇಖನ ಓದಿದರು. ಜೋಸೆಫ್ ಸ್ಮಿತ್‌ಗೆ ಹೆಂಡತಿಯರ ಸಂಖ್ಯೆ ಮೂವತ್ತರಿಂದ ನಲವತ್ತರ ನಡುವೆ ಇರಬಹುದು, ಅವರಲ್ಲಿ ಒಬ್ಬಳಿಗೆ ಹದಿನೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿಯಿತ್ತು ಅಂತ ಅದರಲ್ಲಿತ್ತು. ಐವತ್ತು ವರ್ಷ ಇದನ್ನು ನನಗೆ ಯಾಕೆ ಹೇಳಲಿಲ್ಲ ಅನ್ನುವ ಒಂದೇ ಪ್ರಶ್ನೆ ಅವರನ್ನು ನಿಧಾನಕ್ಕೆ ಹೊರಗೆ ತಂದಿತು. ಗಂಡ, ಮಕ್ಕಳು ಒಳಗೇ ಉಳಿದರು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಭಾನುವಾರದ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ಟೆಂಪಲ್ ಅನ್ನುವುದು ಬೇರೆ, ಅದಕ್ಕೆ ಬಿಷಪ್ ಸಹಿಯ ಕಾರ್ಡು ಬೇಕು. ಎರಡು ವರ್ಷಕ್ಕೊಮ್ಮೆ ಸಂದರ್ಶನ ಮಾಡಿ, ಆದಾಯದ ಹತ್ತನೇ ಪಾಲು ಕೊಡುತ್ತೀಯಾ, ಚರ್ಚಿನ ಮುಖ್ಯಸ್ಥನನ್ನು ಪ್ರವಾದಿಯೆಂದು ಒಪ್ಪುತ್ತೀಯಾ, ಕಾಫಿ ಮದ್ಯ ಬಿಟ್ಟಿದ್ದೀಯಾ ಎಂದು ಕೇಳಿ ಕೊಡುತ್ತಾರೆ. ಅವರ ಮುಖ್ಯವಾದ ಮದುವೆ ನಡೆಯುವುದು ಆ ಟೆಂಪಲ್ಲಿನ ಒಳಗೆ. ಕಾರ್ಡಿಲ್ಲದವರು ಹೆತ್ತವರಾದರೂ ಒಳಗಿಲ್ಲ.

ಆ ಪಕ್ಕದ ಮನೆಯಾಕೆಯ ದೊಡ್ಡ ಮಗಳ ಮದುವೆ ಸಾಲ್ಟ್ ಲೇಕ್ ಟೆಂಪಲ್ಲಿನಲ್ಲಿ. 40 ವರ್ಷ ಕಟ್ಟಿ 1893ರಲ್ಲಿ ಮುಗಿಸಿದ ಕಲ್ಲಿನ ದೊಡ್ಡ ಕಟ್ಟಡ, ತುದಿಯಲ್ಲಿ ಕಹಳೆ ಊದುವ ಚಿನ್ನದ ಬಣ್ಣದ ದೇವದೂತ. ಗಂಡ, ಬೀಗರು, ಅತ್ತೆ ಮಾವಂದಿರು ಎಲ್ಲರೂ ಒಳಗೆ ಹೋದರು. ಹೊರಗೆ ಹೂವಿನ ಮಡಿಯ ಪಕ್ಕದ ಬೆಂಚಿನಲ್ಲಿ ಅವರು, ಜೊತೆಗೆ ನಾನು. ಅವರ ತೊಡೆಯ ಮೇಲೆ ಒಂದು ಕಾಗದದ ಚೀಲ. ಫೋಟೋ ಮುಗಿದ ಮೇಲೆ ಮಗಳಿಗೆ ಕಾಲು ನೋಯಬಾರದೆಂದು ಚಪ್ಪಟೆ ಚಪ್ಪಲಿ ಇಟ್ಟುಕೊಂಡು ಬಂದಿದ್ದರು. ಮಗಳ ಮದುವೆಯ ಗೌನಿನ ತೋಳು ಹೊಲಿದದ್ದೂ ಅವರೇ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ಅವರ ಮದುವೆಯಾಗಿತ್ತು, ಒಳಗೆ ಏನು ನಡೆಯುತ್ತದೆ ಅಂತ ಪೂರಾ ಗೊತ್ತು. ಗಡಿಯಾರ ನೋಡಿದರು. ‘ಈಗ ಮೊಣಕಾಲೂರಿ ಕೂತಿರುತ್ತಾರೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಈಗ ಎದ್ದು ಎದುರುಬದುರು ಕನ್ನಡಿಗಳ ನಡುವೆ ನಿಂತಿರುತ್ತಾರೆ. ಅದರಲ್ಲಿ ನೋಡಿದರೆ ನಾವು ಕೊನೆಯೇ ಇಲ್ಲದ ಹಾಗೆ ಕಾಣುತ್ತೇವೆ’ ಅಂದರು. ಆಮೇಲೆ ಏನೂ ಮಾತಾಡಲಿಲ್ಲ, ಚೀಲದ ಬಾಯನ್ನು ಮಡಚುತ್ತಾ ಬಿಚ್ಚುತ್ತಾ ಕೂತರು.

ಧಾರೆಯ ಹೊತ್ತಿಗೆ ಹೆತ್ತ ತಾಯಿಯನ್ನು ಛತ್ರದ ಗೇಟಿನ ಆಚೆ ಕೂರಿಸಿದರೆ ನಮ್ಮ ಊರಿನಲ್ಲಿ ಏನಾಗುತ್ತಿತ್ತು? ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮೊದಲು ಹೊರಗೆ ಎಲ್ಲರೆದುರು ಮದುವೆಯಾಗಿ ಆಮೇಲೆ ಟೆಂಪಲ್ಲಿಗೆ ಹೋಗಬಹುದಿತ್ತಲ್ಲ ಅಂದರೆ, ಆಗ ಅಮೆರಿಕದಲ್ಲಿ ಹಾಗೆ ಮಾಡಿದವರು ಟೆಂಪಲ್ ವಿಧಿಗೆ ಒಂದು ವರ್ಷ ಕಾಯಬೇಕಿತ್ತು, ಕಾಯುವುದೆಂದರೆ ಹತ್ತು ಜನರ ಬಾಯಿಗೆ ಬೀಳುವುದು. ಇಂಗ್ಲೆಂಡಿನಂಥ ಕಡೆ ಕಾನೂನೇ ಬಹಿರಂಗ ಮದುವೆ ಕೇಳುವುದರಿಂದ ಅಲ್ಲಿಯವರಿಗೆ ಈ ಕಾಯುವಿಕೆ ಇರಲಿಲ್ಲ. ಅಂದರೆ ಅದು ದೇವರ ಅಪ್ಪಣೆಯಾಗಿರಲಿಲ್ಲ, ಆಫೀಸಿನ ನಿಯಮವಾಗಿತ್ತು. ಎಷ್ಟೋ ತಾಯಂದಿರು ಅತ್ತ ಮೇಲೆ 2019ರ ಮೇ ತಿಂಗಳಲ್ಲಿ ಚರ್ಚು ಆ ನಿಯಮವನ್ನು ತೆಗೆದುಹಾಕಿತು. ಅವರ ಎರಡನೇ ಮಗಳ ಮದುವೆ 2021ರಲ್ಲಿ ಮನೆಯ ಹಿತ್ತಿಲಲ್ಲಿ, ಸೇಬಿನ ಮರದ ಕೆಳಗೆ ನಡೆಯಿತು, ತಾಯಿ ಮೊದಲ ಸಾಲಿನಲ್ಲಿದ್ದರು. ಮಧ್ಯಾಹ್ನ ಉಳಿದವರು ಟೆಂಪಲ್ಲಿಗೆ ಹೋದರು.

ನಾನು ಕಲ್ಟ್ ಅಲ್ಲ ಅನ್ನುವುದಕ್ಕೂ, ಹುಷಾರು ಅನ್ನುವುದಕ್ಕೂ ಇದೇ ಕಾರಣ. ಈ ಸಂಸ್ಥೆ ಬದಲಾಗುತ್ತದೆ, ಆದರೆ ತಡವಾಗಿ, ಮತ್ತು ಅಷ್ಟರಲ್ಲಿ ಯಾರೋ ಬೆಲೆ ತೆತ್ತಿರುತ್ತಾರೆ. ಕರಿಯ ಗಂಡಸರಿಗೆ ಯಾಜಕತ್ವ, ಅಂದರೆ ಧಾರ್ಮಿಕ ವಿಧಿ ನಡೆಸುವ ಅಧಿಕಾರ ಕೊಟ್ಟದ್ದು 1978ರಲ್ಲಿ. ಸಲಿಂಗ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ ಎಂದು 2015ರಲ್ಲಿ ನಿಯಮ ತಂದು 2019ರಲ್ಲಿ ವಾಪಸ್ ತೆಗೆದುಕೊಂಡರು, ನಡುವಿನ ಮೂರೂವರೆ ವರ್ಷದಲ್ಲಿ ಒಡೆದ ಮನೆಗಳು ಒಡೆದೇ ಹೋದವು. ದುಡ್ಡಿನ ವಿಷಯದಲ್ಲೂ ಅಷ್ಟೆ. ಆದಾಯದ ಹತ್ತನೇ ಒಂದು ಪಾಲು ಕೊಡಬೇಕು, ಅದಿಲ್ಲದೆ ಟೆಂಪಲ್ ಕಾರ್ಡಿಲ್ಲ. ಅಷ್ಟು ಕೊಟ್ಟವರಿಗೂ ಚರ್ಚಿನ ಬಳಿ ಎಷ್ಟಿದೆ ಎಂದು ಹೇಳುವುದಿಲ್ಲ. ಷೇರು ಹೂಡಿಕೆಯನ್ನು ನೆಪಮಾತ್ರದ ಕಂಪನಿಗಳ ಹೆಸರಿನಲ್ಲಿ ಮುಚ್ಚಿಟ್ಟದ್ದಕ್ಕೆ 2023ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಚರ್ಚಿಗೂ ಅದರ ಹೂಡಿಕೆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿತು. ಬಡ ಸದಸ್ಯರ ಹತ್ತನೇ ಪಾಲು ತೆಗೆದುಕೊಳ್ಳುವ ಸಂಸ್ಥೆ ಹೀಗೆ ಮಾಡಿದ್ದು ನನಗೆ ದೊಡ್ಡ ತಪ್ಪಾಗಿಯೇ ಕಾಣುತ್ತದೆ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಈ ಜನ ಹೀಗೆ ಒಬ್ಬರಿಗೊಬ್ಬರು ಅಂಟಿಕೊಂಡಿರುವುದಕ್ಕೆ ಕಾರಣವಿದೆ. 1838ರಲ್ಲಿ ಮಿಸೌರಿಯ ಗವರ್ನರ್ ಇವರನ್ನು ರಾಜ್ಯದಿಂದ ಓಡಿಸಬೇಕು ಇಲ್ಲವೇ ನಿರ್ನಾಮ ಮಾಡಬೇಕು ಎಂದು ಲಿಖಿತ ಆದೇಶ ಹೊರಡಿಸಿದ. ಅದೇ ವಾರ ಹಾನ್ಸ್ ಮಿಲ್ ಎಂಬಲ್ಲಿ 17 ಜನರನ್ನು ಕೊಂದರು, ಸತ್ತವರಲ್ಲಿ ಹತ್ತು ವರ್ಷದ ಹುಡುಗನೂ ಇದ್ದ. 1844ರಲ್ಲಿ ಜೋಸೆಫ್ ಸ್ಮಿತ್‌ನನ್ನು ಇಲಿನಾಯ್‌ನ ಜೈಲಿಗೆ ನುಗ್ಗಿ ಕೊಂದರು. ಆ ಮಿಸೌರಿ ಆದೇಶ ರದ್ದಾದದ್ದು 1976ರಲ್ಲಿ. ಅವರೂ ಕೈಗೆ ರಕ್ತ ಮೆತ್ತಿಕೊಂಡಿದ್ದಾರೆ. 1857ರಲ್ಲಿ ಯೂಟಾದ ಮೌಂಟನ್ ಮೆಡೋಸ್‌ನಲ್ಲಿ ವಲಸೆ ಹೊರಟಿದ್ದ ಸುಮಾರು 120 ಜನರನ್ನು ಮಾರ್ಮನ್ ಪಡೆ ಕೊಂದಿತು, ಎಳೆಯ ಮಕ್ಕಳನ್ನಷ್ಟೇ ಉಳಿಸಿತು. ಕಲ್ಟ್ ಎಂಬ ಪದವನ್ನು ಇವರ ಮುಖಕ್ಕೆ ಎಸೆದರೆ ಆ ಹಳೆಯ ಗಾಯವೆಲ್ಲ ಎದ್ದು ನಿಲ್ಲುತ್ತದೆ, ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ.

ಇನ್ನು ನಿಮ್ಮ ತಮ್ಮನ ವಿಷಯ. ವಾಪಸ್ ಕರೆಸಬೇಡಿ, ಓದು ಹಾಳಾಗುತ್ತದೆ. ‘ಚರ್ಚು ಬಿಡದಿದ್ದರೆ ಮನೆಗೆ ಬರಬೇಡ’ ಅನ್ನುವ ಮಾತನ್ನು ಅಪ್ಪ ಸಿಟ್ಟಿನಲ್ಲೂ ಆಡದಂತೆ ನೋಡಿಕೊಳ್ಳಿ. ಆಡಿದರೆ ಅವನಿಗೆ ಉಳಿಯುವ ಮನೆ ಆ ಚರ್ಚೊಂದೇ.

ಅವನಿಗೆ ಹೇಳಬೇಕಾದ್ದು ಸಮಯದ ವಿಷಯ. ಬಿಳಿ ಅಂಗಿ, ಕಪ್ಪು ಹೆಸರುಪಟ್ಟಿಯ ಜೋಡಿ ಮಿಷನರಿಗಳು ಬರುತ್ತಾರಲ್ಲ, ಹತ್ತೊಂಬತ್ತು ಇಪ್ಪತ್ತರ ಹುಡುಗರು, ತುಂಬಾ ಒಳ್ಳೆಯ ಮಕ್ಕಳು. ಎರಡು ವರ್ಷ ಮನೆ ಬಿಟ್ಟು ಬಂದಿರುತ್ತಾರೆ, 2019ರವರೆಗೆ ಮನೆಗೆ ಫೋನ್ ಮಾಡಲು ಸಿಗುತ್ತಿದ್ದದ್ದೇ ವರ್ಷಕ್ಕೆ ಎರಡು ಸಲ. ನಾಲ್ಕಾರು ಪಾಠ ಮಾಡಿ ಕೆಲವೇ ವಾರಗಳಲ್ಲಿ ದೀಕ್ಷಾಸ್ನಾನದ ದಿನ ಕೇಳುತ್ತಾರೆ. ‘ಒಂದು ವರ್ಷ ಬರುತ್ತೇನೆ, ಆಮೇಲೆ ಹೇಳುತ್ತೇನೆ’ ಅನ್ನಲಿ ನಿಮ್ಮ ತಮ್ಮ. ಹಾಗೆಂದ ಮೇಲೂ ಅದೇ ನಗು, ಅದೇ ಊಟದ ಕರೆ ಉಳಿದರೆ ಅವರ ಸ್ನೇಹ ಗಟ್ಟಿ. ಅವನು ಓದುತ್ತಿರುವುದು ಪ್ರೊವೋ ಊರಿನಲ್ಲಿ ಈ ಚರ್ಚೇ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಾದರೆ ಇನ್ನೂ ಮುಖ್ಯವಾದ ಮಾತೊಂದಿದೆ. ಹಿಂದೂವಾಗಿ ಅಲ್ಲಿ ಓದಬಹುದು, ಮಾರ್ಮನ್ ಆಗಿಯೂ ಓದಬಹುದು. ಮಾರ್ಮನ್ ಆಗಿ ಆಮೇಲೆ ಬಿಟ್ಟರೆ ಸೀಟೇ ಹೋಗಬಹುದು. ಸಹಿ ಹಾಕುವ ಮುಂಚೆ ಆ ನಿಯಮವನ್ನು ಅವನೇ ಓದಿ ನೋಡಲಿ. ಊರಿಗೆ ವಾಪಸಾದರೆ ಇದೆಲ್ಲ ಮುಗಿಯುತ್ತದೆ ಅಂತಲೂ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಇವರ ಮಿಷನ್ 1993ರಿಂದ ಇದೆ, ಭಾರತದ ಮೊದಲ ಟೆಂಪಲ್ಲಿಗೆ ಅಲ್ಲೇ 2020ರ ಡಿಸೆಂಬರಿನಲ್ಲಿ ಗುದ್ದಲಿ ಬಿತ್ತು.

ಮತ್ತೊಂದು. ನಿಮ್ಮ ಪ್ರಶ್ನೆಯ ಬಗ್ಗೆ ನಿನ್ನೆ ಪಕ್ಕದ ಮನೆಯಾಕೆಗೆ ಹೇಳಿದೆ. ಹುಡುಗ ಮಾತಾಡಬೇಕು ಅಂದರೆ ಯಾವ ಶನಿವಾರವಾದರೂ ಬರಲಿ ಅಂದರು. ‘ಆದರೆ ಅವನ ಮನಸ್ಸು ತಿರುಗಿಸಲಿಕ್ಕೆ ಕರೆಯುತ್ತಿದ್ದೇನೆ ಅಂತ ಅವರಕ್ಕ ಅಂದುಕೊಳ್ಳಬಾರದು. ನನ್ನ ಗಂಡನೂ ಕೂತಿರುತ್ತಾನೆ, ಅವನು ಇನ್ನೂ ಹೋಗುತ್ತಾನೆ, ಇಬ್ಬರ ಮಾತೂ ಕೇಳಲಿ’ ಅಂದರು. ಊಟ ನಮ್ಮ ಮನೆಯಲ್ಲಿ ಮಾಡಲಿ. ಅವನಿಗೆ ಬಿಸಿಬೇಳೆಬಾತ್ ಇಷ್ಟವಾ ಅಂತ ಮಾತ್ರ ತಿಳಿಸಿ.